ಮರದ ಪೊಟರೆ, ಎಲೆ ಬುಡದ ಚೂರು ನೀರಿನಲ್ಲೂ ಸೊಳ್ಳೆ ಬೆಳೆಯುತ್ತವೆಯೇ?

ಖಂಡಿತ ಬೆಳೆಯುತ್ತವೆ. ಅದೂ ಒಂದೇ ಜಾತಿಯಲ್ಲ. ಬೆಂಗಳೂರಿನಲ್ಲಿ ಮಳೆ ನಿಂತ ಮೇಲೆ ಹಳೆ ಮರದ ಪೊಟರೆ, ಕತ್ತರಿಸಿ ಉಳಿದ ಬಿದಿರಿನ ಮೋಟು, ಬಾಳೆ ಮತ್ತು ಕೆಸುವಿನ ಎಲೆ ಬುಡ, ಬಾಲ್ಕನಿಯ ಬ್ರೊಮೀಲಿಯಡ್ (ಎಲೆಗಳು ನಡುವೆ ಬಟ್ಟಲಿನಂತೆ ಕೂಡಿರುವ ಅಲಂಕಾರದ ಗಿಡ), ಎಲ್ಲದರಲ್ಲೂ ನೀರು ನಿಲ್ಲುತ್ತದೆ ಅಲ್ವಾ? ಮರಿಹುಳು ಬೆಳೆದು ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು.

ಅಷ್ಟು ಚೂರು ನೀರಿನಲ್ಲಿ ತಿನ್ನಲು ಏನಿರುತ್ತದೆ? ಕೊಳೆತ ಎಲೆ. ಅದರ ಮೇಲೆ ಬ್ಯಾಕ್ಟೀರಿಯಾ, ಬೂಸ್ಟು ಬೆಳೆಯುತ್ತವೆ. ಮರಿಹುಳುಗಳಿಗೆ ಅದೇ ಊಟ. ಕೆರೆಯಲ್ಲಿದ್ದಂತೆ ಮೀನಿನ ಕಾಟವೂ ಇಲ್ಲ.

ಹಾಗಂತ ಪೂರ್ತಿ ನೆಮ್ಮದಿಯೂ ಇಲ್ಲ. ಪೊಟರೆ, ಬಿದಿರಿನ ನೀರಿನಲ್ಲಿ ಟಾಕ್ಸೊರಿಂಕೈಟಿಸ್ ಎಂಬ ದೊಡ್ಡ ಸೊಳ್ಳೆಯ ಮರಿ ಇದ್ದರೆ, ಅದು ಉಳಿದ ಮರಿಗಳನ್ನೇ ಹಿಡಿದು ತಿನ್ನುತ್ತದೆ. ತಮಾಷೆ ಎಂದರೆ, ಬೆಳೆದ ಮೇಲೆ ಅದು ಯಾರ ರಕ್ತವನ್ನೂ ಹೀರುವುದಿಲ್ಲ, ಹೂವಿನ ಮಕರಂದವೇ ಸಾಕು. ಎಲೆ ಬುಡದಲ್ಲಿ ಹುಟ್ಟುವ ಮಲಯಾ ಎಂಬ ಪುಟ್ಟ ಸೊಳ್ಳೆಯಂತೂ ಇರುವೆಯನ್ನು ತಡೆದು, ಅದರ ಬಾಯಿಂದಲೇ ಸಿಹಿ ರಸ ಕುಡಿಯುತ್ತದೆ!

ನಾವು ಹೆದರಬೇಕಾದದ್ದು ಡೆಂಗಿ, ಚಿಕುನ್‌ಗುನ್ಯಾ ಹರಡುವ ಏಷ್ಯನ್ ಟೈಗರ್ ಸೊಳ್ಳೆಗೆ. ಇದು ನೀರಿನ ಅಂಚಿಗಿಂತ ತುಸು ಮೇಲೆ ಮೊಟ್ಟೆ ಇಡುತ್ತದೆ. ನೀರು ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಉಳಿದು, ಮುಂದಿನ ಮಳೆಗೆ ಒಡೆಯುತ್ತದೆ. ಹಾಗಾಗಿ ಸುಮ್ನೆ ನೀರು ಚೆಲ್ಲಿದರೆ ಸಾಲದು. ಬ್ರೊಮೀಲಿಯಡ್ ನಡುವಿಗೆ ವಾರಕ್ಕೊಮ್ಮೆ ಪೈಪಿನಿಂದ ಜೋರಾಗಿ ನೀರು ಹಾಯಿಸಿ. ಬಿದಿರಿನ ಮೋಟಿಗೆ ಮರಳು ತುಂಬಿ.