ಬೆಂಕಿಪೊಟ್ಟಣದ ರಂಜಕ ಸರ್ಕ್ಯೂಟ್ ಬೋರ್ಡ್‌ನಲ್ಲಿ ಮಾಡುವ ಕೆಲಸ

ನೀವು ಕೇಳಿರುವುದು ಇಷ್ಟು: ಎಂ.ಎಸ್‌ಸಿ. ಪಠ್ಯದಲ್ಲಿ ಪಿರಿಡೀನ್, ಇಂಡೋಲ್, ಕ್ವಿನೋಲೀನ್ ಎಂದು ಸಾರಜನಕದ ಉಂಗುರಗಳಿಗೆ (ಇಂಗಾಲದ ಉಂಗುರದಲ್ಲಿ ಒಂದು ಸಾರಜನಕ ಕೂತಿರುವ ಅಣುಗಳಿಗೆ) ಅಧ್ಯಾಯಗಳೇ ಇವೆ. ಆವರ್ತಕ ಕೋಷ್ಟಕದಲ್ಲಿ ಅದರ ಕೆಳಗಿನ ಮನೆಯಲ್ಲೇ ಇರುವ ರಂಜಕದ ಬೆಸೆದ, ಅಂದರೆ ಒಂದು ಬದಿಯನ್ನು ಹಂಚಿಕೊಂಡ, ಉಂಗುರಗಳಿಗೆ ಅರ್ಧ ಪುಟವೂ ಇಲ್ಲ, ಏಕೆ? ಅವುಗಳಿಂದ ಏನಾದರೂ ಪ್ರಯೋಜನವಿದೆಯೇ?

ಮೊದಲ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು. ರಂಜಕದ 3ಪಿ ಕಕ್ಷಕ (ಎಲೆಕ್ಟ್ರಾನುಗಳು ಇರುವ ಜಾಗ) ದೊಡ್ಡದು, ಇಂಗಾಲದ 2ಪಿ ಚಿಕ್ಕದು. ಇವೆರಡರ ನಡುವೆ ದ್ವಿಬಂಧ ಗಟ್ಟಿಯಾಗಿ ಕೂರುವುದಿಲ್ಲ. ಬೆಂಜೀನ್‌ನ ಒಂದು ಇಂಗಾಲದ ಜಾಗದಲ್ಲಿ ರಂಜಕವಿರುವ ಉಂಗುರವನ್ನು ಗಾಟ್‌ಫ್ರೀಡ್ ಮಾರ್ಕ್ಲ್ ಸಿದ್ಧಪಡಿಸಿದ್ದು 1966ರಲ್ಲಿ. ಅದೂ ಮೂರು ಫಿನೈಲ್ ಗುಂಪುಗಳ ಕಾವಲಿನಲ್ಲಿ. ಕಾವಲಿಲ್ಲದ ಬರಿಯ ಫಾಸ್ಫಾಬೆಂಜೀನ್ ಆರ್ಥರ್ ಆಶ್ ಅವರ ಕೈಗೆ ಸಿಕ್ಕಿದ್ದು 1971ರಲ್ಲಿ. ಸಾರಜನಕದ ತಮ್ಮನೆಂದು ನಂಬಿ ಹೊರಟರೆ ರಂಜಕ ಕೈಕೊಡುತ್ತದೆ. ಪಿರೋಲ್‌ನಲ್ಲಿ (ಐದು ಪರಮಾಣುಗಳ ಉಂಗುರ) ಸಾರಜನಕ ಉಂಗುರದ ಸಮತಲದಲ್ಲೇ ಇರುತ್ತದೆ; ಅದರ ಜಾಗದಲ್ಲಿ ರಂಜಕ ಕೂತರೆ ಅದು ಫಾಸ್ಫೋಲ್; ಫಾಸ್ಫೋಲ್‌ನಲ್ಲಿ ರಂಜಕದ ಮೂರು ಬಂಧಗಳು ಪಿರಮಿಡ್ಡಿನಂತೆ ಬಾಗಿರುತ್ತವೆ. ಹಾಗಾಗಿ ಬಂಧದಲ್ಲಿ ತೊಡಗದ ಅದರ ಒಂಟಿ ಜೋಡಿ ಎಲೆಕ್ಟ್ರಾನುಗಳು ಉಂಗುರದ ಸಂಸಾರದಲ್ಲಿ ಸರಿಯಾಗಿ ಸೇರುವುದೇ ಇಲ್ಲ.

ಎರಡನೆಯ ಪ್ರಶ್ನೆ ನನಗೆ ಹತ್ತಿರದ್ದು. ಅಂಥ ಒಂದು ಸಂಯುಕ್ತದೊಂದಿಗೆ ಮೂರು ವರ್ಷ ಏಗಿದ್ದೇನೆ. ಹೆಸರು 9,10-ಡೈಹೈಡ್ರೋ-9-ಆಕ್ಸಾ-10-ಫಾಸ್ಫಾಫಿನಾಂತ್ರೀನ್-10-ಆಕ್ಸೈಡ್. ಗಾಬರಿಯಾಗಬೇಡಿ, ಲ್ಯಾಬಿನಲ್ಲಿ ಎಲ್ಲರೂ ಕರೆಯುವುದು ಡೋಪೋ ಎಂದು. ಹಳೆಯ ವಠಾರದ ಮೂರು ಮನೆಗಳನ್ನು ನೆನೆಸಿಕೊಳ್ಳಿ: ಅಕ್ಕಪಕ್ಕದ ಮನೆಗಳಿಗೆ ಗೋಡೆ ಒಂದೇ. ಆಚೀಚೆಯ ಎರಡು ಬೆಂಜೀನ್ ಉಂಗುರಗಳು; ನಡುವಿನ ಮನೆಯಲ್ಲಿ ಒಂದು ಆಮ್ಲಜನಕ, ಅದಕ್ಕೆ ತಾಗಿ ರಂಜಕ. ಆ ರಂಜಕದ ಮೇಲೆ ಇನ್ನೊಂದು ಆಮ್ಲಜನಕ ಮತ್ತು ಒಂದು ಜಲಜನಕ.

ಇದನ್ನು ಮಾಡುವುದು ಆರ್ಥೋ-ಫಿನೈಲ್‌ಫೀನಾಲ್ ಮತ್ತು ರಂಜಕದ ಟ್ರೈಕ್ಲೋರೈಡ್‌ನಿಂದ. ಮೊದಲು ಫೀನಾಲ್‌ನ ಆಮ್ಲಜನಕಕ್ಕೆ ರಂಜಕ ಅಂಟಿಕೊಳ್ಳುತ್ತದೆ. ಆಮೇಲೆ ಜಿಂಕ್ ಕ್ಲೋರೈಡ್ ಹಾಕಿ ಕಾಯಿಸಿದರೆ ಅದೇ ರಂಜಕ ಪಕ್ಕದ ಬೆಂಜೀನ್ ಉಂಗುರವನ್ನು ಹಿಡಿದು ನಡುವಿನ ಉಂಗುರವನ್ನು ಮುಚ್ಚುತ್ತದೆ. ಕೊನೆಗೆ ಉಳಿದ ಕ್ಲೋರಿನ್ ಅನ್ನು ನೀರಿನಿಂದ ಕಳಚಬೇಕು. ಹಂತಹಂತಕ್ಕೂ ಹೈಡ್ರೋಜನ್ ಕ್ಲೋರೈಡ್ ಹೊಗೆ. ಹೊಗೆ ಹೀರುವ ಫ್ಯೂಮ್ ಹುಡ್ ಇಲ್ಲದೆ ಕೈ ಹಾಕಬೇಡಿ.

ಇನ್ನು ಪ್ರಯೋಜನ. ಬೆಂಕಿಪೊಟ್ಟಣದ ಬದಿಗೆ ಬಳಿದಿರುವುದು ಕೆಂಪು ರಂಜಕ. ಕಡ್ಡಿ ಹೊತ್ತುವುದೇ ಅದರಿಂದ. ಡೋಪೋದ ರಂಜಕ ಬೆಂಕಿಯನ್ನು ಆರಿಸುತ್ತದೆ. ಸರ್ಕ್ಯೂಟ್ ಬೋರ್ಡ್‌ಗಳ ಎಪಾಕ್ಸಿ ರಾಳಕ್ಕೆ ಬ್ರೋಮಿನ್ ಸಂಯುಕ್ತಗಳ ಬದಲು ಇದನ್ನು ಸೇರಿಸುತ್ತಾರೆ. ಉರಿ ನಡೆಯುವುದು, ಜೋಡಿಯಿಲ್ಲದ ಎಲೆಕ್ಟ್ರಾನಿನಿಂದ ಚುರುಕಾದ ತುಣುಕುಗಳ, ಅಂದರೆ ಜಲಜನಕ ಮತ್ತು ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳ ಸರಪಳಿಯಿಂದ. ಬಿಸಿಗೆ ಡೋಪೋ ಒಡೆದಾಗ ಒಂದು ರಂಜಕ, ಒಂದು ಆಮ್ಲಜನಕವಿರುವ ಪಿಓ ರ್‍ಯಾಡಿಕಲ್ ಜ್ವಾಲೆಯೊಳಗೆ ಹಾರಿ ಒಂದು ಜಲಜನಕವನ್ನು ಹಿಡಿಯುತ್ತದೆ. ಇನ್ನೊಂದು ಜಲಜನಕ ಎದುರಾದಾಗ ಎರಡನ್ನೂ ಜಲಜನಕದ ಅಣುವಾಗಿ ಸಾಗಹಾಕಿ ಮತ್ತೆ ಖಾಲಿ ಕೈಯಲ್ಲಿ ನಿಲ್ಲುತ್ತದೆ, ಮುಂದಿನ ಬೇಟೆಗೆ. ಬೋರ್ಡಿನ ಬೆಸುಗೆಯ ಶಾಖವನ್ನು ತಾಳಬೇಕು, ಬೆಂಕಿಯ ಶಾಖಕ್ಕೆ ಒಡೆಯಬೇಕು. ಬೆಸೆದ ಉಂಗುರಗಳು ಈ ಎರಡಕ್ಕೂ ಒಗ್ಗುತ್ತವೆ.

ತೊಡಕೂ ಇದೆ. ಡೋಪೋಗೆ ಎಪಾಕ್ಸಿಯನ್ನು ಹಿಡಿಯಲು ಇರುವುದು ಒಂದೇ ಕೈ, ರಂಜಕದ ಮೇಲಿನ ಆ ಜಲಜನಕ. ಅದು ಸೇರಿದಲ್ಲಿ ರಾಳದ ಜಾಲ ನಿಂತುಹೋಗಿ ಬೋರ್ಡ್ ಬೇಗ ಮೆದುವಾಗುತ್ತದೆ. ಅದಕ್ಕೇ ಡೋಪೋವನ್ನು ಮೊದಲು ಬೆಂಜೋಕ್ವಿನೋನ್ ಜೊತೆ ಸೇರಿಸಿ ಎಪಾಕ್ಸಿಯನ್ನು ಹಿಡಿಯುವ ಎರಡು ಕೈಗಳಾಗಿ ಎರಡು ಹೈಡ್ರಾಕ್ಸಿಲ್ ಇರುವಂತೆ ಮಾಡಿಕೊಳ್ಳುತ್ತಾರೆ.

ನೀವು ಇದರಲ್ಲಿ ಪ್ರಾಜೆಕ್ಟ್ ಮಾಡುವುದಾದರೆ ಒಂದು ಮಾತು. ಒಮ್ಮೆ ಮಳೆಗಾಲದಲ್ಲಿ ಡೋಪೋ ಬಾಟಲಿಯ ಮುಚ್ಚಳವನ್ನು ಸರಿಯಾಗಿ ಬಿಗಿಯದೆ ಬಿಟ್ಟಿದ್ದೆ. ರಂಜಕದ ಎನ್‌ಎಂಆರ್‌ನಲ್ಲಿ (ಕಾಂತಕ್ಷೇತ್ರದಲ್ಲಿ ಅಣುವಿನ ರಚನೆ ನೋಡುವ ಪರೀಕ್ಷೆ) ಡೋಪೋಗೆ ಎರಡು ಗೆರೆಗಳ ಒಂದೇ ಜೋಡಿ ಕಾಣಬೇಕು, ನಡುವಿನ ಅಂತರ ಸುಮಾರು 600 ಹರ್ಟ್ಸ್. ನನಗೆ ಕಂಡದ್ದು ಎರಡು ಜೋಡಿ. ಗಾಳಿಯ ತೇವ ರಂಜಕ-ಆಮ್ಲಜನಕದ ಬಂಧವನ್ನು ಬಿಡಿಸಿ ನಡುಮನೆಯ ಬಾಗಿಲು ತೆರೆದಿತ್ತು; ಎರಡನೆಯ ಜೋಡಿ ಆ ತೆರೆದ ಅಣುವಿನದು. ಪುಡಿಯನ್ನು ನಿರ್ವಾತ ಒಲೆಯಲ್ಲಿ ರಾತ್ರಿಯಿಡೀ ಕಾಯಿಸಿದೆ. ನೀರು ಹೊರಬಿದ್ದು ಉಂಗುರ ಮತ್ತೆ ಮುಚ್ಚಿತು. ಬೆಳಿಗ್ಗೆ ನೋಡಿದರೆ ಒಂದೇ ಜೋಡಿ.