ರೇಡಿಯೇಶನ್ ಆದ ಮೇಲೆ ಜೊಲ್ಲು ಮತ್ತೆ ಬರುತ್ತಾ?

ನಿಮ್ಮ ತಂದೆಗೆ ನಾಲಿಗೆ ಕ್ಯಾನ್ಸರ್ ಆಪರೇಷನ್ ಆಗಿ, ರೇಡಿಯೇಶನ್ ಮುಗಿದು ಮೂರು ತಿಂಗಳಾಗಿದೆ. ಬಾಯಿ ಒಣಗುತ್ತದೆ, ಮುದ್ದೆ ಇಳಿಯುವುದಿಲ್ಲ, ದಿನವಿಡೀ ಕಲ್ಲುಸಕ್ಕರೆ ಚೀಪುತ್ತಾರೆ ಅಂತ ಬರೆದಿದ್ದೀರಿ. ಜೊಲ್ಲು ಮತ್ತೆ ಬರುತ್ತಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಹಲ್ಲಿನ ಡಾಕ್ಟರ್. ಇಂಥವರನ್ನು ನೋಡುತ್ತಲೇ ಇರುತ್ತೇನೆ. ದಯವಿಟ್ಟು ಆ ಕಲ್ಲುಸಕ್ಕರೆಯನ್ನು ಇವತ್ತೇ ನಿಲ್ಲಿಸಿ.

ಆರೋಗ್ಯವಂತರಿಗೆ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಕೆಳಗೆ ಇರುವ ಗ್ರಂಥಿಗಳಿಂದಲೇ ಹೆಚ್ಚಿನದು. ಕ್ಯಾನ್ಸರ್ ಹರಡಬಹುದಾದ ಕುತ್ತಿಗೆಯ ಗಂಟುಗಳಿಗೆ ರೇಡಿಯೇಶನ್ ಕೊಡುವಾಗ ಇವಕ್ಕೂ ತಾಗುತ್ತದೆ. ನೀರಿನಂಥ ಜೊಲ್ಲು ಮಾಡುವ ಜೀವಕೋಶಗಳು ಬೇಗ ಸೋಲುತ್ತವೆ. ಅದಕ್ಕೇ ಚಿಕಿತ್ಸೆಯ ಮೊದಲ ಒಂದೆರಡು ವಾರದಲ್ಲೇ ಬಾಯಿ ಒಣಗಲು ಶುರುವಾಗುತ್ತದೆ. ಉಳಿದ ಜೊಲ್ಲು ಅಂಟಂಟಾಗಿ, ಎಳೆ ಎಳೆಯಾಗಿ ಬರುತ್ತದೆ.

ಮತ್ತೆ ಬರುತ್ತಾ? ಗ್ರಂಥಿಗೆ ಎಷ್ಟು ಡೋಸ್ ಬಿದ್ದಿದೆ ಅನ್ನೋದರ ಮೇಲೆ ಹೋಗುತ್ತದೆ. ರೇಡಿಯೇಶನ್ ಅಳೆಯುವುದು ಗ್ರೇ ಲೆಕ್ಕದಲ್ಲಿ. ಕಿವಿ ಮುಂದಿನ ಗ್ರಂಥಿಗೆ ಸರಾಸರಿ ಸುಮಾರು 26 ಗ್ರೇ ಒಳಗಿದ್ದರೆ, ಒಂದೆರಡು ವರ್ಷದಲ್ಲಿ ಸಾಕಷ್ಟು ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ಗ್ರಂಥಿಯನ್ನು ಉಳಿಸಿ ಕೊಡುವ ಐಎಂಆರ್‌ಟಿ ವಿಧಾನ ಬಂದಿದ್ದೇ ಇದಕ್ಕೆ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಹಳೆ ವಿಧಾನದವರಲ್ಲಿ 74% ಜನರಿಗೆ ಬಾಯಿ ಒಣಗುವ ತೊಂದರೆ ಗಣನೀಯವಾಗಿತ್ತು. ಐಎಂಆರ್‌ಟಿ ಆದವರಲ್ಲಿ 38%. ನಿಮ್ಮ ತಂದೆಗೆ ಯಾವುದು ಆಗಿದೆ, ಗ್ರಂಥಿಗೆ ಎಷ್ಟು ಡೋಸ್ ಬಿದ್ದಿದೆ ಅಂತ ರೇಡಿಯೇಶನ್ ಡಾಕ್ಟರನ್ನೇ ಕೇಳಿ. ಆ ಲೆಕ್ಕ ಅವರ ಪ್ಲಾನ್‌ನಲ್ಲಿ ಇರುತ್ತದೆ. ಮೂರು ತಿಂಗಳಿಗೇ ಆಸೆ ಬಿಡಬೇಡಿ. ಆದರೆ ಪೂರ್ತಿ ಮೊದಲಿನಂತೆ ಆಗುವುದು ಕಡಿಮೆ.

ಈಗ ಹಲ್ಲಿನ ಮಾತು. ನಿಜವಾಗಿ ನನಗೆ ಭಯ ಇರೋದು ಇಲ್ಲೇ. ಜೊಲ್ಲು ಬಾಯಿಯ ಆಮ್ಲವನ್ನು ತೊಳೆಯುತ್ತದೆ, ತಣಿಸುತ್ತದೆ. ಅದಿಲ್ಲದ ಬಾಯಲ್ಲಿ ಸಕ್ಕರೆ ಇಟ್ಟರೆ ಕೆಲವೇ ತಿಂಗಳಲ್ಲಿ ವಸಡಿನ ಅಂಚಿನ ಸುತ್ತ ಹುಳುಕು ಹಿಡಿದು, ಹಲ್ಲು ಬುಡದಲ್ಲೇ ಮುರಿಯಬಹುದು. ಆಗ ಕೀಳಿಸೋಣ ಅಂತ ಹತ್ತಿರದ ಕ್ಲಿನಿಕ್ಕಿಗೆ ಹೋಗುತ್ತಾರೆ. ರೇಡಿಯೇಶನ್ ಬಿದ್ದ ದವಡೆಗೆ, ಅದರಲ್ಲೂ ಕೆಳದವಡೆಗೆ, ರಕ್ತ ಸಂಚಾರ ಕಡಿಮೆ. ಕಿತ್ತ ಜಾಗ ಮಾಯದೆ ಮೂಳೆಯೇ ಸಾಯಬಹುದು. ವರ್ಷಗಳು ಕಳೆದರೂ ಈ ಅಪಾಯ ಹೋಗುವುದಿಲ್ಲ. ಆದ್ದರಿಂದ ಯಾವ ಡಾಕ್ಟರ ಹತ್ತಿರ ಹೋದರೂ ಕುತ್ತಿಗೆಗೆ ರೇಡಿಯೇಶನ್ ಆಗಿದೆ ಅಂತ ಮೊದಲೇ ಹೇಳಿ, ಫೈಲ್ ತೋರಿಸಿ. ರೂಟ್ ಕೆನಾಲ್ ಮಾಡಿ ಉಳಿಸಲು ಆದರೆ ಅದೇ ಒಳ್ಳೆಯದು.

ದಿನಾ ಮಾಡಬೇಕಾದ್ದು ಕಷ್ಟದ್ದೇನಲ್ಲ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಆಗಾಗ ಬಾಯಿ ಮುಕ್ಕಳಿಸಲಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ, ಉರಿಯುತ್ತದೆ. ಮೃದುವಾದ ಬ್ರಷ್ ಇರಲಿ, ಜೊತೆಗೆ ಡಾಕ್ಟರ್ ಬರೆದುಕೊಟ್ಟ ಫ್ಲೋರೈಡ್ ಜೆಲ್. ಜೊಲ್ಲು ಹೆಚ್ಚಿಸುವ ಪೈಲೋಕಾರ್ಪಿನ್ ಮಾತ್ರೆ ಗ್ರಂಥಿ ಸ್ವಲ್ಪವಾದರೂ ಉಳಿದವರಿಗೆ ಕೆಲಸ ಮಾಡುತ್ತದೆ, ಬೆವರು ಜಾಸ್ತಿಯಾಗುತ್ತದೆ. ಅಸ್ತಮಾ ಅಥವಾ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದರೆ ತಪ್ಪದೆ ಹೇಳಿ, ಸುಮ್ನೆ ಅಂಗಡಿಯಿಂದ ತರಬೇಡಿ. ನಾಲಿಗೆ ಮೇಲೆ ಬಿಳಿ ಪದರ ಕಂಡರೆ ಅದು ಫಂಗಸ್ ಇರಬಹುದು, ಔಷಧಿ ಇದೆ. ಎಲೆ ಅಡಿಕೆ, ತಂಬಾಕು ಮನೆಯೊಳಗೇ ಬರಬಾರದು.

ಮುದ್ದೆ ಸದ್ಯಕ್ಕೆ ಬಿಡಿ. ಅದೇ ರಾಗಿಯನ್ನು ಮಜ್ಜಿಗೆ ಹಾಕಿ ತೆಳ್ಳಗೆ ಅಂಬಲಿ ಮಾಡಿಕೊಡಿ. ಮೆತ್ತಗಿನ ಮೊಸರನ್ನವೂ ಸಲೀಸಾಗಿ ಇಳಿಯುತ್ತದೆ.