ಪ್ಯಾಕಪ್ ಎಷ್ಟೊತ್ತಿಗೆ ಅಂತ ಕೇಳಬಾರದೆ?

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ಮಗಳು ಬೆಂಗಳೂರಿನಲ್ಲಿ ಧಾರಾವಾಹಿಯೊಂದರ ಎಪಿಸೋಡ್ ಡೈರೆಕ್ಟರ್. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ರಾತ್ರಿ ಹನ್ನೊಂದಾದರೂ ಪ್ಯಾಕಪ್ ಇಲ್ಲ. ಎರಡು ತಿಂಗಳ ಪೇಮೆಂಟ್ ಬಾಕಿ ಇದೆ. ಅಗ್ರಿಮೆಂಟ್ ಕೇಳಿದರೆ ‘ನೀನು ಡೈರೆಕ್ಟರಮ್ಮ, ಕೂಲಿಯವಳಲ್ಲ’ ಅನ್ನುತ್ತಾರಂತೆ. ಕೆನಡಾದಲ್ಲಿ ಫ್ರೆಂಚ್ ಭಾಷೆಯ ನಿರ್ದೇಶಕರಿಗೆ ಕಾನೂನಿನ ರಕ್ಷಣೆ ಇದೆ ಎಂದು ಮಗಳು ಹೇಳುತ್ತಾಳೆ. ನಿಜವೇ? ನಮ್ಮಲ್ಲಿ ಏನಿದೆ?
– ಹೆಸರು ಬೇಡ, ಮುಳಬಾಗಿಲು

ಉತ್ತರ: ಮೇಡಂ, ‘ಕೂಲಿಯವಳಲ್ಲ’ ಎಂಬ ಆ ಮಾತು ಓದಿ ನಿಮ್ಮ ಪತ್ರ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೋಲಾರದ ಕೋರ್ಟಿಗೆ ಕರಿಕೋಟು ಹಾಕಿಕೊಂಡು ಬರುವ ಮುಂಚೆ ನಾನೂ ಮೂರು ವರ್ಷ ಬೆಂಗಳೂರಿನಲ್ಲಿ ಅಸಿಸ್ಟೆಂಟ್ ಡೈರೆಕ್ಟರ್ ಆಗಿದ್ದೆ. ಶನಿವಾರ ಸಂಜೆ ಪ್ರೊಡಕ್ಷನ್ ಮ್ಯಾನೇಜರ್ ಉದ್ದನೆಯ ವೋಚರ್ ಪುಸ್ತಕ ತರುತ್ತಿದ್ದರು. ರೆವಿನ್ಯೂ ಸ್ಟಾಂಪ್ ಮೊದಲೇ ಅಂಟಿಸಿರುತ್ತಿತ್ತು, ಮೊತ್ತದ ಜಾಗ ಮಾತ್ರ ಖಾಲಿ. ಸ್ಟಾಂಪಿನ ಮೇಲೆ ಅಡ್ಡಲಾಗಿ ಸಹಿ ಹಾಕಿ, ಕೈಗೆ ಬಂದ ಬಾಟಾ, ಅಂದರೆ ದಿನಭತ್ಯೆ, ಎಣಿಸದೆ ಜೇಬಿಗಿಟ್ಟು, ಕೋಲಾರದ ಕೊನೇ ಬಸ್ಸಿಗೆ ಓಡುತ್ತಿದ್ದೆ. ಐದು ತಿಂಗಳ ಬಾಕಿ ಕೇಳಲು ಹೋದ ದಿನ ಅದೇ ವೋಚರ್‌ಗಳನ್ನು ನನ್ನ ಮುಂದೆ ಹರಡಿದರು. ಎಲ್ಲದರಲ್ಲೂ ಪೂರ್ತಿ ಮೊತ್ತ ತುಂಬಿತ್ತು, ಎಲ್ಲದರಲ್ಲೂ ನನ್ನದೇ ಸಹಿ. ಕಾನೂನು ಓದಬೇಕೆಂದು ನಿರ್ಧರಿಸಿದ್ದು ಅವತ್ತೇ.

ನಿಮ್ಮ ಮಗಳು ಹೇಳಿದ್ದು ನಿಜ. ‘ನೀನು ಕೆಲಸದವನಲ್ಲ, ಕೆಲಸ ಮಾಡಿಸುವವನು’ ಎಂಬ ಈ ವಾದ ಅಲ್ಲೂ ನಡೆದಿದೆ. 1958ರ ಡಿಸೆಂಬರ್ 29ರಂದು ಮಾಂಟ್ರಿಯಲ್‌ನಲ್ಲಿ ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆಯ ಫ್ರೆಂಚ್ ವಿಭಾಗವಾದ ರೇಡಿಯೊ-ಕೆನಡಾದ ಟಿವಿ ನಿರ್ದೇಶಕರು ಕೆಲಸ ನಿಲ್ಲಿಸಿದರು. ತಮ್ಮದೊಂದು ಸಂಘ ಬೇಕು, ಆಡಳಿತ ಅದರ ಜತೆ ಕೂತು ಮಾತಾಡಬೇಕು ಎಂಬುದಷ್ಟೇ ಬೇಡಿಕೆ. ನಿರ್ದೇಶಕರು ಆಡಳಿತ ವರ್ಗಕ್ಕೆ ಸೇರಿದವರು, ಅವರಿಗೆ ಸಂಘ ಎಲ್ಲಿಯದು ಎಂದಿತು ಸಂಸ್ಥೆ. ನಿರ್ದೇಶಕರು ಸಂಖ್ಯೆಯಲ್ಲಿ ಕಡಿಮೆಯಾದರೂ ನಟರು, ತಂತ್ರಜ್ಞರು, ಬರಹಗಾರರು ಅವರನ್ನು ದಾಟಿ ಒಳಗೆ ಹೋಗಲಿಲ್ಲ. ಮಾಂಟ್ರಿಯಲ್‌ನ ಆ ಕೊರೆಯುವ ಚಳಿಯಲ್ಲಿ ಮುಷ್ಕರ 68 ದಿನ ನಡೆದು, ಮಾರ್ಚ್ 7ರಂದು ಅವರ ಸಂಘಕ್ಕೆ ಮಾನ್ಯತೆ ಸಿಕ್ಕಿತು.

ಅವರ ಪರ ದನಿ ಎತ್ತಿದವರಲ್ಲಿ ರೆನೆ ಲೆವೆಕ್ ಎಂಬ ಹೆಸರಾಂತ ಟಿವಿ ಪತ್ರಕರ್ತರೂ ಇದ್ದರು. ಮುಂದೆ 1976ರಲ್ಲಿ ಅವರು ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದ ಪ್ರೀಮಿಯರ್ ಆದರು, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. ಮರುವರ್ಷವೇ ಫ್ರೆಂಚನ್ನು ಕಚೇರಿ, ಕಾರ್ಖಾನೆ, ಅಂಗಡಿ ಬೋರ್ಡಿನವರೆಗೂ ತಂದ ಭಾಷಾ ಶಾಸನವನ್ನು ಅವರ ಸರ್ಕಾರ ಜಾರಿಗೆ ತಂದಿತು. ಕ್ಯಾಮೆರಾ ಹಿಂದೆ ನಿಂತವರ ಜಗಳ, ಭಾಷೆಯ ಜಗಳ ಬೇರೆ ಬೇರೆಯಲ್ಲ ಎಂದು ನಾನು ನಂಬಿರುವುದು ಈ ಕಥೆಯಿಂದ.

1987ರಲ್ಲಿ ಕ್ವಿಬೆಕ್ ಕಲಾವಿದರ ವೃತ್ತಿಸ್ಥಾನದ ಬಗ್ಗೆ ಕಾಯ್ದೆ ಮಾಡಿತು. ಅದರ ತಿರುಳು ನಿಮ್ಮ ಮಗಳಿಗೆ ನೇರ ಸಂಬಂಧಿಸಿದ್ದು. ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ ಹೋಗುವ, ಯಾರ ಖಾಯಂ ನೌಕರರೂ ಅಲ್ಲದ ಕಲಾವಿದರ ಪರವಾಗಿಯೂ ಅವರ ಮಾನ್ಯ ಸಂಘ ನಿರ್ಮಾಪಕರ ಜತೆ ಸಾಮೂಹಿಕ ಒಪ್ಪಂದ ಮಾಡಿಕೊಳ್ಳಬಹುದು. ಅಲ್ಲಿನ ಫ್ರೆಂಚ್ ನಿರ್ದೇಶಕರ ಸಂಘ ಕೆಲಸ ಮಾಡುವುದು ಈ ಕಾಯ್ದೆಯ ಬಲದಿಂದ. ಕನಿಷ್ಠ ಸಂಭಾವನೆ, ಕೆಲಸದ ಷರತ್ತು ಎಲ್ಲ ಒಪ್ಪಂದದಲ್ಲಿ ಬರುತ್ತವೆ. ಒಬ್ಬೊಬ್ಬರೇ ಹೋಗಿ ಮ್ಯಾನೇಜರ್ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ.

ಇನ್ನು ನಮ್ಮ ಕಡೆ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ಅಂದರೆ ನಿರ್ಮಾಪಕ. ನಿರ್ದೇಶಕರ ಹೆಸರೇ ಅಲ್ಲಿಲ್ಲ. ಅದೇ 1957ರಲ್ಲಿ ಫ್ರಾನ್ಸ್ ಮಾಡಿದ ಕಾನೂನು ಚಿತ್ರಕಥೆ, ಸಂಭಾಷಣೆ, ಸಂಗೀತದವರ ಜತೆ ನಿರ್ದೇಶಕರನ್ನೂ ಸಹಕರ್ತೃ ಎಂದು ಎಣಿಸಿತು. 2010ರಲ್ಲಿ ಸಂಸತ್ತಿಗೆ ಬಂದ ನಮ್ಮ ತಿದ್ದುಪಡಿ ಮಸೂದೆಯಲ್ಲಿ ಪ್ರಧಾನ ನಿರ್ದೇಶಕರನ್ನು ಸಹಕರ್ತೃ ಮಾಡುವ ಮಾತಿತ್ತು. 2012ರಲ್ಲಿ ಅದು ಕಾಯ್ದೆಯಾಗುವಾಗ ಗೀತರಚನಕಾರರಿಗೆ, ಸಂಗೀತಗಾರರಿಗೆ ರಾಯಧನದ ಹಕ್ಕು ಸಿಕ್ಕಿತು, ನಿರ್ದೇಶಕರ ಸಾಲು ಮಾತ್ರ ಹೊರಗೆ ಬಿತ್ತು. ಅದು ತಪ್ಪು ಎಂದು ಹದಿನೈದು ಸಲ ಬರೆಯಬೇಕಾದರೂ ಬರೆಯುತ್ತೇನೆ.

ಆದರೆ ಕೆಲಸದ ಷರತ್ತಿನ ವಿಷಯದಲ್ಲಿ ಕೈ ಖಾಲಿಯಿಲ್ಲ, ಧೈರ್ಯವಾಗಿರಿ. 1981ರಲ್ಲೇ ಸಿನಿ ಕಾರ್ಮಿಕರ ಕಾಯ್ದೆ ಬಂದು, ಲಿಖಿತ ಒಪ್ಪಂದವಿಲ್ಲದೆ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದಿತ್ತು. ಈಗ ಅದರ ಜಾಗದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿ ಸಂಹಿತೆ 2020 ಇದೆ. ಜಾರಿಯಾದದ್ದು 2025ರ ನವೆಂಬರ್ 21ರಂದು. ಇದರಲ್ಲಿ ಟಿವಿ, ವೆಬ್ ಸರಣಿ, ರಿಯಾಲಿಟಿ ಷೋಗಳ ಕೆಲಸವೂ ಸೇರಿದೆ. ಕೂಲಿಯವರಿಗಷ್ಟೇ ಅಲ್ಲ, ಮೇಲ್ವಿಚಾರಣೆ, ತಾಂತ್ರಿಕ, ಕಲಾತ್ಮಕ ಕೆಲಸ ಮಾಡುವವರಿಗೂ ಅನ್ವಯಿಸುತ್ತದೆ ಎಂದು ಅದರ ವ್ಯಾಖ್ಯೆಯೇ ಹೇಳುತ್ತದೆ. ಮಗಳಿಗೆ ಅವರು ಹೇಳಿದ ಮಾತಿಗೆ ಉತ್ತರ ಅದು. ಒಪ್ಪಂದ ಬರವಣಿಗೆಯಲ್ಲಿರಬೇಕು, ಸಂಬಳ, ಕೆಲಸದ ಅವಧಿ, ಸುರಕ್ಷತೆ ಅದರಲ್ಲಿರಬೇಕು. ಒಂದು ಮಿತಿ ಇದೆ: ಸರ್ಕಾರ ಅಧಿಸೂಚನೆಯಲ್ಲಿ ನಿಗದಿಪಡಿಸುವ ಸಂಬಳದ ಮೊತ್ತಕ್ಕಿಂತ ಹೆಚ್ಚು ಪಡೆಯುವವರಿಗೆ ಇದು ಅನ್ವಯಿಸದು. ಹಾಗಾಗಿ ಮಗಳ ಪೇಮೆಂಟ್ ಎಷ್ಟೆಂಬುದು ಮುಖ್ಯ.

ಅಗ್ರಿಮೆಂಟ್ ಇಲ್ಲವೆಂದು ದಾಖಲೆಯೇ ಇಲ್ಲ ಅಂದುಕೊಳ್ಳಬೇಡಿ. ರಾತ್ರಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುತ್ತದಲ್ಲ, ‘ನಾಳೆ ಕಾಲ್‌ಟೈಮ್ 6.30, ಫಸ್ಟ್ ಶಾಟ್ 7.30’ ಅಂತ, ಅದೇ ಅವಳ ಹಾಜರಿ ಪುಸ್ತಕ. ಗುಂಪಿನಿಂದ ತೆಗೆದುಹಾಕುವ ಮೊದಲು ಎಲ್ಲವನ್ನೂ ಇನ್ನೊಂದು ಕಡೆ ಉಳಿಸಿಕೊಳ್ಳಲಿ. ಬ್ಯಾಂಕಿಗೆ ಬಂದ ಹಣದ ಸ್ಟೇಟ್‌ಮೆಂಟ್, ಟೈಟಲ್ ಕಾರ್ಡಿನಲ್ಲಿ ಹೆಸರು ಬಂದ ಎಪಿಸೋಡ್‌ಗಳ ದಿನಾಂಕ, ಇವೂ ಇರಲಿ. ಬಾಕಿ ಹಣಕ್ಕೆ ದಾವೆ ಹೂಡಲು ಮೂರು ವರ್ಷ ಕಾಲಾವಕಾಶವಿದೆ, ಆದರೆ ಅಷ್ಟು ಕಾಯಬೇಡಿ; ಈ ವಾರವೇ ಮೊತ್ತ ನಮೂದಿಸಿ ಒಂದು ಇ-ಮೇಲ್ ಕಳಿಸಲಿ. ಮೊತ್ತ ಬರೆಯದ ಯಾವ ಕಾಗದಕ್ಕೂ ಸಹಿ ಹಾಕದಿರಲಿ, ಇದನ್ನು ಅಣ್ಣನಂತೆ ಹೇಳುತ್ತಿದ್ದೇನೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರಾಯಿತು.

ಪ್ರಶ್ನೆ: ಮೇಲಿನ ಮಾತಿಗೆ ಹತ್ತಿರದ್ದೇ ನನ್ನ ಪ್ರಶ್ನೆ. ಟಿವಿ, ಒಟಿಟಿಯಲ್ಲಿ ಕನ್ನಡದ್ದು ಇಂತಿಷ್ಟು ಇರಲೇಬೇಕು ಎಂಬ ಕಾನೂನು ಇದೆಯೇ?
– ಕಾಲೇಜು ವಿದ್ಯಾರ್ಥಿ, ಬಂಗಾರಪೇಟೆ

ಉತ್ತರ: ಇಲ್ಲಪ್ಪ. 1995ರ ಕೇಬಲ್ ಕಾಯ್ದೆ ದೂರದರ್ಶನದ ನಿಗದಿತ ವಾಹಿನಿಗಳನ್ನು ಕೊಡಲೇಬೇಕು ಅನ್ನುತ್ತದೆ. ಖಾಸಗಿಯವರಿಗೆ ಭಾಷೆಯ ಪಾಲು ಗೊತ್ತುಮಾಡಿಲ್ಲ. ನಮ್ಮ ಜಿಲ್ಲೆಯಲ್ಲಿ ರಿಮೋಟ್ ಒತ್ತುತ್ತಾ ಹೋದರೆ ತೆಲುಗು, ತಮಿಳು ದಾಟಿ ಕನ್ನಡಕ್ಕೆ ಬರಬೇಕು. ತೆಲುಗು ನನ್ನ ಅಜ್ಜಿಯ ಭಾಷೆ, ಅದರ ಮೇಲೆ ನನಗೆ ಮುನಿಸಿಲ್ಲ. ಕನ್ನಡದ್ದು ಕಡಿಮೆಯಾಯಿತಲ್ಲ ಎಂಬುದು ಸಂಕಟ.

ಕೆನಡಾದ ಫ್ರೆಂಚ್ ರೇಡಿಯೊಗಳಲ್ಲಿ ವಾರದಲ್ಲಿ ಬರುವ ಜನಪ್ರಿಯ ಹಾಡುಗಳ ಪೈಕಿ ಶೇ 65 ಫ್ರೆಂಚಿನವೇ ಇರಬೇಕು. 2023ರ ಏಪ್ರಿಲ್ 27ರಂದು ಒಪ್ಪಿಗೆ ಪಡೆದ ಆನ್‌ಲೈನ್ ಸ್ಟ್ರೀಮಿಂಗ್ ಕಾಯ್ದೆ ಒಟಿಟಿಗಳನ್ನೂ ಪ್ರಸಾರ ಕಾನೂನಿನೊಳಗೆ ತಂದಿತು. ಉತ್ತರ ಅಮೆರಿಕದಲ್ಲಿ ಫ್ರೆಂಚ್ ಅಲ್ಪಸಂಖ್ಯಾತ ಭಾಷೆ ಎಂದು ಅದು ಬಾಯಿಬಿಟ್ಟು ಹೇಳುತ್ತದೆ. ಅನುವಾದಿಸಿದ್ದಲ್ಲ, ಮೂಲದಲ್ಲೇ ಫ್ರೆಂಚಿನಲ್ಲಿ ತಯಾರಾದ ಕಾರ್ಯಕ್ರಮಗಳ ಪ್ರಸ್ತಾಪ ಅದರಲ್ಲಿದೆ. ಈ ‘ಮೂಲದಲ್ಲೇ’ ಎಂಬ ಪದ ಗಮನಿಸಪ್ಪ. ಬರೀ ಕನ್ನಡ ಇಷ್ಟು ಗಂಟೆ ಎಂದು ಬರೆದರೆ ಡಬ್ ಮಾಡಿ ತುಂಬಿಸುತ್ತಾರೆ. ಲೆಕ್ಕ ಸರಿಹೋಗುತ್ತದೆ, ಕನ್ನಡದಲ್ಲಿ ಕಥೆ ಕಟ್ಟುವ ನಿರ್ದೇಶಕಿಗೆ ಕೆಲಸವಿರುವುದಿಲ್ಲ. 2024ರ ಜೂನ್‌ನಲ್ಲಿ ಅಲ್ಲಿನ ನಿಯಂತ್ರಣ ಆಯೋಗ ದೊಡ್ಡ ಸ್ಟ್ರೀಮಿಂಗ್ ಸಂಸ್ಥೆಗಳು ಕೆನಡಾದ ಆದಾಯದಲ್ಲಿ ಶೇ 5ನ್ನು ಅಲ್ಲಿನ ಪ್ರಸಾರ ವ್ಯವಸ್ಥೆಗೆ ಕೊಡಬೇಕೆಂದು ಆದೇಶಿಸಿತು. ಅದರ ಮೇಲೆ ಕೋರ್ಟಿನಲ್ಲಿ ತಕರಾರೂ ಎದ್ದಿತು.

ನಮ್ಮ ರಾಜ್ಯ 2024ರಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಕಾನೂನು ತಂದು, ಟಿಕೆಟ್ ಮತ್ತು ಚಂದಾ ಹಣದ ಮೇಲೆ ಶೇ 2 ಮೀರದ ಸೆಸ್‌ಗೆ ದಾರಿ ಮಾಡಿದೆ. ಒಳ್ಳೆಯ ಹೆಜ್ಜೆ, ಆದರೆ ಅದು ಕ್ಷೇಮನಿಧಿ. ಭಾಷೆಯ ಪಾಲಿನ ಮಾತು ಅದರಲ್ಲಿಲ್ಲ. ಪ್ರಸಾರ ಕಾನೂನು ಕೇಂದ್ರದ ಕೈಯಲ್ಲಿದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಒಂದು ಕರಡು ಮಸೂದೆ ಹೊರಗಿಟ್ಟು ಜನರ ಅಭಿಪ್ರಾಯ ಕೇಳಿತ್ತು. ಮತ್ತೆ ಕರಡು ಬಂದರೆ ನಿನ್ನ ಕಾಲೇಜಿನಿಂದ ಐವತ್ತು ಪತ್ರ ಹೋಗಲಿ. ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಚಿತ್ರಿಸಿದ್ದಕ್ಕೆ ಪಾಲು, ಅದನ್ನು ಮಾಡುವವರಿಗೆ ಲಿಖಿತ ಒಪ್ಪಂದ, ಇವೆರಡನ್ನೂ ಒಂದೇ ಪತ್ರದಲ್ಲಿ ಕೇಳಿ. ನನ್ನ ಪತ್ರದ ಒಕ್ಕಣೆ ಬರೆದಿಟ್ಟಿದ್ದೇನೆ. ಮೊದಲ ಸಾಲಿನಲ್ಲಿ ಇರುವುದು ಮುಳಬಾಗಿಲಿನ ಆ ತಾಯಿ ಬರೆದ ಮಾತು.